5 ದಿನ ತಡ, 51 ದಿನದ ಬಡ್ಡಿ: ಕ್ರೆಡಿಟ್ ಕಾರ್ಡ್ ತಾರೀಖುಗಳ ಲೆಕ್ಕ

ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟುವುದು ನಾಲ್ಕೈದು ದಿನ ತಡವಾದರೆ ಏನಾಗುತ್ತದೆ? ಲೇಟ್ ಫೀ ಬೀಳುತ್ತದೆ, ಅಷ್ಟೇ ಅಲ್ವಾ, ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ಲೇಟ್ ಫೀ ಬೀಳುವುದು ನಿಜ. ಆದರೆ ಬಹಳ ಸಲ ಅದಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಬಡ್ಡಿಯಲ್ಲಿ. ಆ ಬಡ್ಡಿ ತಡವಾದ ನಾಲ್ಕೈದು ದಿನಕ್ಕೆ ಮಾತ್ರ ಅಲ್ಲ, ನೀವು ಸಾಮಾನು ಕೊಂಡ ದಿನದಿಂದಲೇ ಶುರುವಾಗುತ್ತದೆ. ಎಷ್ಟೋ ಜನಕ್ಕೆ ಇದು ಗೊತ್ತಾಗುವುದು ಮುಂದಿನ ತಿಂಗಳ ಸ್ಟೇಟ್‌ಮೆಂಟ್ ಕೈಗೆ ಬಂದಾಗ. ಕಾರ್ಡ್ ಕೊಡುವಾಗಲೇ ಯಾರಾದರೂ ಕೂರಿಸಿಕೊಂಡು ಹೇಳಬೇಕಾದ ವಿಷಯ ಇದು. ಹೇಳುವವರು ಕಡಿಮೆ. ಹಾಗಾಗಿ ನಿಧಾನವಾಗಿ, ಲೆಕ್ಕ ಬಿಡಿಸಿ ನೋಡೋಣ.

ಎರಡು ತಾರೀಖು, ಎರಡು ಬೇರೆ ಕೆಲಸ

ಕಾರ್ಡ್ ಖಾತೆಗೆ ತನ್ನದೇ ಒಂದು ತಿಂಗಳು ಇರುತ್ತದೆ. ಅದು ಕ್ಯಾಲೆಂಡರ್ ತಿಂಗಳಿನ ಹಾಗೆ 1ನೇ ತಾರೀಖಿಗೇ ಶುರುವಾಗಬೇಕು ಎಂದೇನಿಲ್ಲ. ಒಂದು ಕಾರ್ಡಿನ ಲೆಕ್ಕ 16ರಿಂದ ಮುಂದಿನ ತಿಂಗಳ 15ರವರೆಗೆ ನಡೆಯುತ್ತದೆ ಎಂದುಕೊಳ್ಳಿ. ಇದೇ ಬಿಲ್ಲಿಂಗ್ ಸೈಕಲ್. 15ರಂದು ಆ ತಿಂಗಳ ಲೆಕ್ಕ ಮುಚ್ಚಿ ಸ್ಟೇಟ್‌ಮೆಂಟ್ ತಯಾರಾಗುತ್ತದೆ. ಅದನ್ನು ಕಟ್ಟಲು ಇನ್ನೊಂದು ಗಡುವು ಕೊಡುತ್ತಾರೆ. ನಮ್ಮ ಉದಾಹರಣೆಯಲ್ಲಿ ಅದು ಮುಂದಿನ ತಿಂಗಳ 5. ಇದು ಡ್ಯೂ ಡೇಟ್.

ಸ್ಟೇಟ್‌ಮೆಂಟ್ ದಿನ ಯಾವ ಖರ್ಚು ಯಾವ ಬಿಲ್ಲಿಗೆ ಸೇರಬೇಕು ಎಂದು ಗೆರೆ ಎಳೆಯುತ್ತದೆ. ಡ್ಯೂ ಡೇಟ್ ಆ ಬಿಲ್ಲಿನ ಹಣ ಎಂದಿನೊಳಗೆ ಬರಬೇಕು ಎಂದು ಹೇಳುತ್ತದೆ. ಈ ಎರಡನ್ನು ಒಂದೇ ಎಂದುಕೊಂಡಾಗಲೇ ಅರ್ಧ ಗೊಂದಲ ಶುರುವಾಗುವುದು. 5ನೇ ತಾರೀಖು ಹಣ ಕಟ್ಟುವಾಗ ನೀವು ಹಿಂದಿನ 15ಕ್ಕೆ ಮುಗಿದ ಲೆಕ್ಕವನ್ನು ತೀರಿಸುತ್ತಿರುತ್ತೀರಿ. ಅಷ್ಟರಲ್ಲಿ ಹೊಸ ಸೈಕಲ್ ಶುರುವಾಗಿ 20 ದಿನ ಕಳೆದಿರುತ್ತದೆ. ಅಂದರೆ ಯಾವಾಗಲೂ ಎರಡು ಲೆಕ್ಕ ಒಟ್ಟಿಗೆ ಓಡುತ್ತಿರುತ್ತವೆ. ಒಂದು ಮುಚ್ಚಿದ್ದು, ಕಟ್ಟಬೇಕಾದದ್ದು. ಇನ್ನೊಂದು ಇನ್ನೂ ತುಂಬುತ್ತಿರುವುದು.

ಬಡ್ಡಿಯಿಲ್ಲದ ದಿನಗಳ ಲೆಕ್ಕವೂ ಇಲ್ಲೇ ಇದೆ. ಮೇ 16ಕ್ಕೆ ಕೊಂಡ ಸಾಮಾನು ಜೂನ್ 15ರ ಬಿಲ್ಲಿಗೆ ಬರುತ್ತದೆ, ಹಣ ಕಟ್ಟುವುದು ಜುಲೈ 5ಕ್ಕೆ. ಪೂರಾ 50 ದಿನ ಸಿಕ್ಕಿತು. ಅದೇ ಸಾಮಾನನ್ನು ಜೂನ್ 14ಕ್ಕೆ ಕೊಂಡಿದ್ದರೆ ಸಿಗುವುದು 21 ದಿನ. ಎರಡು ದಿನ ತಡೆದು ಜೂನ್ 16ಕ್ಕೆ ಕೊಂಡರೆ ಅದು ಜುಲೈ 15ರ ಬಿಲ್ಲಿಗೆ ಹೋಗುತ್ತದೆ, ಗಡುವು ಆಗಸ್ಟ್ 5. ಮತ್ತೆ 50 ದಿನ. '50 ದಿನದವರೆಗೆ ಬಡ್ಡಿ ಇಲ್ಲ' ಎಂದು ಜಾಹೀರಾತಿನಲ್ಲಿ ಕಂಡರೆ ಅದು ಸೈಕಲ್ಲಿನ ಮೊದಲ ದಿನದ ಖರೀದಿಗೆ ಸಿಗುವ ಗರಿಷ್ಠ ಮಾತ್ರ, ಎಲ್ಲ ಖರೀದಿಗೂ ಅಲ್ಲ. ದೊಡ್ಡ ಖರ್ಚೊಂದು ಇದೆ, ತುರ್ತೇನಿಲ್ಲ ಎಂದಾದರೆ ಸ್ಟೇಟ್‌ಮೆಂಟ್ ಆದ ಮರುದಿನ ಕಾರ್ಡ್ ಉಜ್ಜುವುದು ಒಳ್ಳೆಯದು.

ಇಲ್ಲೊಂದು ಸೂಕ್ಷ್ಮ ಇದೆ. ನೀವು ಕಾರ್ಡ್ ಉಜ್ಜಿದ ದಿನ, ಆ ಮೊತ್ತ ಖಾತೆಯಲ್ಲಿ ಪಕ್ಕಾ ದಾಖಲಾದ ದಿನ, ಎರಡೂ ಒಂದೇ ಆಗಿರಬೇಕಿಲ್ಲ. ಮೊದಲು ಅದು 'ಪೆಂಡಿಂಗ್' ಎಂದು ಕಾಣಿಸುತ್ತದೆ. ಅಂಗಡಿಯವರ ಬ್ಯಾಂಕಿನಿಂದ ಲೆಕ್ಕ ಬಂದ ಮೇಲೆ 'ಪೋಸ್ಟೆಡ್' ಆಗುತ್ತದೆ. ಇದಕ್ಕೆ ಒಂದೆರಡು ದಿನ ಹಿಡಿಯಬಹುದು. ಸಾಮಾನ್ಯವಾಗಿ ಬಿಲ್ಲಿಗೆ ಬರುವುದು ಪೋಸ್ಟ್ ಆದವು ಮಾತ್ರ. ಹಾಗಾಗಿ 15ರ ರಾತ್ರಿ ಮಾಡಿದ ಖರ್ಚು ಈ ಬಿಲ್ಲಿನಲ್ಲಿ ಕಾಣದಿದ್ದರೆ ಅದು ಮಾಫಿಯಾಯಿತು ಎಂದಲ್ಲ, ಮುಂದಿನ ಬಿಲ್ಲಿನಲ್ಲಿ ಬರುತ್ತದೆ.

ಆ್ಯಪ್ ತೋರಿಸುವ ಮೂರು ಮೊತ್ತ

ಹಣ ಕಟ್ಟಲು ಆ್ಯಪ್ ತೆರೆದರೆ ಮೂರು ಮೊತ್ತ ಕಣ್ಣಿಗೆ ಬೀಳುತ್ತವೆ. ಟೋಟಲ್ ಡ್ಯೂ ಎಂದರೆ ಮುಚ್ಚಿದ ಲೆಕ್ಕದ ಪೂರಾ ಮೊತ್ತ. ಮಿನಿಮಮ್ ಡ್ಯೂ ಎಂದರೆ ಅದರಲ್ಲಿ ಕನಿಷ್ಠ ಇಷ್ಟಾದರೂ ಕಟ್ಟಲೇಬೇಕು ಎಂಬ ಸಣ್ಣ ಮೊತ್ತ. ಇವತ್ತಿನ ತನಕದ ಒಟ್ಟು ಬಾಕಿ, ಅಂದರೆ ಕರೆಂಟ್ ಔಟ್‌ಸ್ಟ್ಯಾಂಡಿಂಗ್, ಹೊಸ ಸೈಕಲ್ಲಿನ ಖರ್ಚನ್ನೂ ಸೇರಿಸಿಕೊಂಡ ಮೊತ್ತ.

ಬಡ್ಡಿ ಬೀಳಬಾರದು ಎಂದರೆ ಕಟ್ಟಬೇಕಾದದ್ದು ಟೋಟಲ್ ಡ್ಯೂ. ಅದಕ್ಕಿಂತ ಒಂದು ಪೈಸೆ ಜಾಸ್ತಿ ಬೇಕಿಲ್ಲ. ಒಟ್ಟು ಬಾಕಿ ನೋಡಿ ಗಾಬರಿಯಾಗಿ ಅಷ್ಟನ್ನೂ ಕಟ್ಟಿದರೆ ನಷ್ಟವೇನಿಲ್ಲ, ಆದರೆ ಅಗತ್ಯವೂ ಇಲ್ಲ. ಮಿನಿಮಮ್ ಡ್ಯೂ ಕಟ್ಟಿದರೆ ಲೇಟ್ ಫೀ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಈ ಒಂದು ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. 'ನಾನು ಗಡುವಿನೊಳಗೇ ಕಟ್ಟಿದ್ದೆ, ಆದರೂ ಬಡ್ಡಿ ಹಾಕಿದ್ದಾರೆ' ಎಂಬ ದೂರುಗಳಲ್ಲಿ ಬಹಳಷ್ಟು ಇಲ್ಲೇ ಹುಟ್ಟುವುದು.

5 ದಿನ ತಡವಾದರೆ ನಿಜಕ್ಕೂ ಎಷ್ಟು?

ಈಗ ಲೆಕ್ಕಕ್ಕೆ ಬರೋಣ. ವರ್ಷಕ್ಕೆ 36% ಬಡ್ಡಿ, ಅಂದರೆ ತಿಂಗಳಿಗೆ 3% ಎಂದುಕೊಳ್ಳಿ. ನಿಮ್ಮ ಕಾರ್ಡಿನ ದರ ಬೇರೆ ಇರಬಹುದು, ಲೆಕ್ಕದ ದಾರಿ ಇದೇ. ಮೇ 20ರಂದು 30,000 ಖರ್ಚು ಮಾಡಿದಿರಿ. ಜೂನ್ 10ರಂದು 20,000. ಜೂನ್ 15ರ ಬಿಲ್ 50,000. ಗಡುವು ಜುಲೈ 5. ಯಾವುದೋ ಗಡಿಬಿಡಿಯಲ್ಲಿ ಮರೆತು ಜುಲೈ 10ಕ್ಕೆ ಪೂರ್ತಿ 50,000 ಕಟ್ಟಿದಿರಿ.

5 ದಿನ ತಡ ತಾನೇ, 50,000ಕ್ಕೆ 5 ದಿನದ ಬಡ್ಡಿ ಸುಮಾರು 247 ಆಗುತ್ತದೆ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಕಾರ್ಡಿನ ಲೆಕ್ಕ ಹಾಗಿಲ್ಲ. ಗಡುವಿನೊಳಗೆ ಪೂರ್ತಿ ಕಟ್ಟಿದರೆ ಮಾತ್ರ ಬಡ್ಡಿಯಿಲ್ಲ ಎಂಬುದು ಷರತ್ತು. ಷರತ್ತು ಮುರಿದರೆ ಆ ಸೌಲಭ್ಯ ಮೊದಲಿನಿಂದಲೇ ಇರಲಿಲ್ಲ ಎಂಬಂತೆ ಲೆಕ್ಕ ಹಿಡಿಯುವುದು ಸಾಮಾನ್ಯ ಪದ್ಧತಿ. 30,000ಕ್ಕೆ ಮೇ 20ರಿಂದ ಜುಲೈ 10ರ ತನಕ 51 ದಿನದ ಬಡ್ಡಿ. 20,000ಕ್ಕೆ ಜೂನ್ 10ರಿಂದ 30 ದಿನದ ಬಡ್ಡಿ. ಮೊದಲನೆಯದು ಸುಮಾರು 1,509, ಎರಡನೆಯದು ಸುಮಾರು 592. ಒಟ್ಟು 2,100 ದಾಟಿತು. ನೀವು ಅಂದುಕೊಂಡ 247 ಎಲ್ಲಿ, ಇದೆಲ್ಲಿ! ಇದರ ಮೇಲೆ ಲೇಟ್ ಫೀ ಬೇರೆ. ಭಾರತದಲ್ಲಾದರೆ ಬಡ್ಡಿ, ಫೀ ಎರಡರ ಮೇಲೂ 18% ಜಿಎಸ್‌ಟಿ ಕೂಡ ಸೇರುತ್ತದೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಜೂನ್ 20ಕ್ಕೆ, ಅಂದರೆ ಹೊಸ ಸೈಕಲ್ಲಿನಲ್ಲಿ, 12,000 ಖರ್ಚು ಮಾಡಿದ್ದಿರಿ ಎನ್ನೋಣ. ಆ ಖರ್ಚಿನ ಗಡುವು ಆಗಸ್ಟ್ 5. ಅದು ಇನ್ನೂ ಬಂದಿಲ್ಲ. ಆದರೂ ಜುಲೈ 15ರ ಸ್ಟೇಟ್‌ಮೆಂಟಿನಲ್ಲಿ ಅದಕ್ಕೂ 25 ದಿನದ ಬಡ್ಡಿ, ಸುಮಾರು 296, ಕಾಣಿಸಬಹುದು. ಹಳೆಯ ಬಿಲ್ ಗಡುವಿನೊಳಗೆ ಪೂರ್ತಿ ತೀರದಿದ್ದರೆ ಹೊಸ ಖರೀದಿಗೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಕಾರ್ಡ್ ಉಜ್ಜಿದ ದಿನದಿಂದಲೇ ಮೀಟರ್ ಓಡುತ್ತದೆ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಜನ ಗಮನಿಸದೇ ಇರುವ ಮುಖ್ಯ ಅಂಶ ಇದೇ. ತಡವಾದದ್ದು ಒಂದು ಬಿಲ್, ಪೆಟ್ಟು ಬೀಳುವುದು ಎರಡು ಬಿಲ್ಲಿಗೆ.

ಮೂರನೆಯ ಬಿಲ್ಲಿಗೂ ಸ್ವಲ್ಪ ಉಳಿದಿರುತ್ತದೆ. ಜುಲೈ 15ರ ಬಿಲ್ ನೋಡಿ ಬುದ್ಧಿ ಕಲಿತು ಆಗಸ್ಟ್ 5ಕ್ಕೆ ಪೈಸೆ ಬಿಡದೆ ಕಟ್ಟಿದಿರಿ. ಆಗಸ್ಟ್ 15ರ ಬಿಲ್ಲಿನಲ್ಲಿ ಮತ್ತೆ ಸುಮಾರು 250 ಬಡ್ಡಿ! ಮೋಸ ಎಂದು ಸಿಟ್ಟು ಬರುವುದು ಸಹಜ. ಆದರೆ ಲೆಕ್ಕ ಸರಿಯಾಗಿಯೇ ಇರುತ್ತದೆ. ಜುಲೈ 15ರ ಬಿಲ್ಲಿನಲ್ಲಿ ಬಡ್ಡಿ ಹಾಕಿದ್ದು ಜುಲೈ 15ರವರೆಗೆ. ನೀವು ಹಣ ಕಟ್ಟಿದ್ದು ಆಗಸ್ಟ್ 5ಕ್ಕೆ. ನಡುವಿನ 21 ದಿನ ಆ 12,000ದ ಮೇಲೆ ಬಡ್ಡಿ ಬೆಳೆಯುತ್ತಲೇ ಇತ್ತು, ಅದು ಮುಂದಿನ ಬಿಲ್ಲಿಗೆ ಬಂತು. ಇದನ್ನು ಉಳಿಕೆ ಬಡ್ಡಿ ಎನ್ನಬಹುದು. ಒಮ್ಮೆ ತಪ್ಪಿದ ಮೇಲೆ ಲೆಕ್ಕ ಪೂರಾ ಸ್ವಚ್ಛವಾಗಲು ಎರಡು ಸ್ಟೇಟ್‌ಮೆಂಟ್ ಬೇಕಾಗುವುದು ಇದೇ ಕಾರಣಕ್ಕೆ. ಆ ಅವಧಿಯಲ್ಲಿ ಕಾರ್ಡ್ ಬಳಸದೆ ಸುಮ್ನೆ ಇಟ್ಟರೆ ಬೇಗ ಹೊರಬರಬಹುದು. ಉಳಿಕೆ ಬಡ್ಡಿಯನ್ನೂ ಕಡಿಮೆ ಮಾಡಬೇಕೆಂದರೆ ಡ್ಯೂ ಡೇಟ್‌ವರೆಗೆ ಕಾಯದೆ ಈಗಲೇ ಕಟ್ಟಿಬಿಡಿ. ಬಡ್ಡಿ ಓಡುತ್ತಿರುವಾಗ ಗಡುವಿನವರೆಗೆ ಕಾಯುವುದರಿಂದ ಯಾವ ಲಾಭವೂ ಇಲ್ಲ.

ಗಡುವಿನೊಳಗೇ ಕಟ್ಟಿ, ಆದರೆ ಸ್ವಲ್ಪ ಕಡಿಮೆ ಕಟ್ಟಿದರೆ? 50,000ದಲ್ಲಿ 45,000 ಕಟ್ಟಿ 5,000 ಉಳಿಸಿಕೊಂಡರೆ? ಇಲ್ಲಿ ಊರಿಗೊಂದು ನಿಯಮ. ಅಮೆರಿಕದಲ್ಲಿ 2009ರ ಕಾರ್ಡ್ ಕಾಯ್ದೆ ಬಂದ ಮೇಲೆ, ಗಡುವಿನೊಳಗೆ ಕಟ್ಟಿದ 45,000ದ ಮೇಲೆ ಬಡ್ಡಿ ಹಾಕುವಂತಿಲ್ಲ. ಹಾಗೆ ಕಾನೂನು ತಡೆಯದ ಕಡೆ, ಕಟ್ಟಿದ ಭಾಗಕ್ಕೂ ಅದು ಜಮೆಯಾಗುವ ದಿನದ ತನಕದ ಬಡ್ಡಿ ಕೇಳುವ ಕರಾರುಗಳು ಇರಬಹುದು. ನಿಮ್ಮ ಕಾರ್ಡಿನದು ಯಾವ ಪದ್ಧತಿ ಎಂಬುದು ಕಾರ್ಡ್ ಜೊತೆ ಬರುವ ಷರತ್ತುಗಳ ಪತ್ರದಲ್ಲಿ ಇರುತ್ತದೆ. ಅದರಲ್ಲಿ ಬಡ್ಡಿಯ ಉದಾಹರಣೆ ಕೊಟ್ಟಿರುವ ಪುಟ ಒಂದನ್ನಾದರೂ ಓದಿ. ಉಳಿದದ್ದು ಓದದಿದ್ದರೂ ಚಿಂತೆಯಿಲ್ಲ, ಅದೊಂದು ಪುಟ ಬಿಡಬೇಡಿ.

ಮಿನಿಮಮ್ ಡ್ಯೂ ಎಲ್ಲಿಂದ ಬಂತು?

1950ರಲ್ಲಿ ಶುರುವಾದ ಡೈನರ್ಸ್ ಕ್ಲಬ್ ಕಾರ್ಡಿನಲ್ಲಿ ಬಾಕಿ ಉಳಿಸಿಕೊಳ್ಳುವ ಅವಕಾಶ ಇರಲಿಲ್ಲ. ಬಿಲ್ ಬಂದರೆ ಪೂರ್ತಿ ಕಟ್ಟಬೇಕು, ಅಷ್ಟೇ. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಊರಿನಲ್ಲಿ ಬ್ಯಾಂಕ್‌ಅಮೆರಿಕಾರ್ಡ್ ಎಂಬ ಕಾರ್ಡನ್ನು ಹಂಚಿತು. ಅದರಲ್ಲಿ ಸ್ವಲ್ಪ ಕಟ್ಟಿ, ಉಳಿದದ್ದನ್ನು ಬಡ್ಡಿಯೊಂದಿಗೆ ಮುಂದಕ್ಕೆ ಹಾಕಬಹುದಿತ್ತು. ಈಗಿನ ವೀಸಾ ಬೆಳೆದದ್ದು ಆ ಕಾರ್ಡಿನಿಂದಲೇ. ಮಿನಿಮಮ್ ಡ್ಯೂ ಎಂಬುದು ಈ ಎರಡನೆಯ ಬಗೆಯ ಕಾರ್ಡಿನ ಜೊತೆಗೇ ಬಂದ ವ್ಯವಸ್ಥೆ. ಅದರ ಉದ್ದೇಶ ಖಾತೆ ಸುಸ್ತಿಯಾಗದಂತೆ, ಅಂದರೆ ಗಡುವು ಮೀರಿದ ಬಾಕಿ ಎಂದು ದಾಖಲಾಗದಂತೆ, ನೋಡಿಕೊಳ್ಳುವುದು. ಸಾಲ ಬೇಗ ತೀರಿಸುವುದು ಅದರ ಉದ್ದೇಶವೇ ಅಲ್ಲ.

50,000 ಬಾಕಿ, ತಿಂಗಳಿಗೆ 3% ಬಡ್ಡಿ, ಮಿನಿಮಮ್ ಡ್ಯೂ ಬಾಕಿಯ 5% ಎಂದುಕೊಳ್ಳಿ. ನೀವು ಕಟ್ಟುವುದು 2,500. ಅದರಲ್ಲಿ 1,500 ಬಡ್ಡಿಗೇ ಹೋಯಿತು. ಅಸಲು ಕಡಿಮೆಯಾದದ್ದು ಬರೀ 1,000. ಮುಂದಿನ ತಿಂಗಳು 49,000ಕ್ಕೆ 2,450 ಕಟ್ಟಿದರೆ ಅಸಲಿಗೆ ಹೋಗುವುದು 980. ಬಾಕಿ ಇಳಿದಂತೆ ಮಿನಿಮಮ್ ಮೊತ್ತವೂ ಇಳಿಯುತ್ತದೆ, ಹಾಗಾಗಿ ಸಾಲ ಇನ್ನೂ ಉದ್ದ ಎಳೆಯುತ್ತದೆ. ಹೀಗೆ ಕಟ್ಟುತ್ತಾ ಹೋದರೆ ಅರ್ಧ ಸಾಲ ತೀರಲು ಮೂರು ವರ್ಷಕ್ಕೆ ಎರಡೇ ತಿಂಗಳು ಕಡಿಮೆ. ಅದೂ ಈ ನಡುವೆ ಕಾರ್ಡಿನಲ್ಲಿ ಒಂದು ಹೊಸ ಖರ್ಚನ್ನೂ ಮಾಡದಿದ್ದರೆ. ಮಿನಿಮಮ್ ಮಾತ್ರ ಕಟ್ಟಿದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ ಎಂಬ ಎಚ್ಚರಿಕೆಯನ್ನು ಸ್ಟೇಟ್‌ಮೆಂಟಿನಲ್ಲಿ ಅಚ್ಚು ಹಾಕಬೇಕೆಂದು ಭಾರತದಲ್ಲೂ ಅಮೆರಿಕದಲ್ಲೂ ನಿಯಮ ಇರುವುದು ಇದಕ್ಕೇ.

ಒಂದು ತಿಂಗಳು ಕೈ ನಿಜಕ್ಕೂ ಬಿಗಿಯಾಗಿದ್ದರೆ ಮಿನಿಮಮ್ ಕಟ್ಟುವುದು ತಪ್ಪಲ್ಲ. ಏನೂ ಕಟ್ಟದೆ ಬಿಡುವುದಕ್ಕಿಂತ ಎಷ್ಟೋ ಮೇಲು. ಲೇಟ್ ಫೀ ತಪ್ಪುತ್ತದೆ, ನೀವು ಸಾಲ ಹೇಗೆ ಕಟ್ಟಿದ್ದೀರಿ ಎಂದು ದಾಖಲಿಸುವ ಕ್ರೆಡಿಟ್ ರಿಪೋರ್ಟಿಗೆ ಕಲೆ ಹತ್ತುವುದಿಲ್ಲ. ಆದರೆ ಕೈಲಾದಷ್ಟು ಜಾಸ್ತಿ ಕಟ್ಟಿ. ಆ ತಿಂಗಳು ಕಾರ್ಡ್ ಉಜ್ಜಬೇಡಿ. ಬಾಕಿ ದೊಡ್ಡದಿದ್ದರೆ ಅದನ್ನು ಕಂತಿಗೆ ಬದಲಾಯಿಸಿಕೊಳ್ಳುವುದೋ, ಕಡಿಮೆ ಬಡ್ಡಿಯ ಸಾಲ ತಂದು ಇದನ್ನು ಮುಚ್ಚುವುದೋ ಲೆಕ್ಕ ಹಾಕಿ ನೋಡಿ. ಕಂತಿನ ಬಡ್ಡಿಯ ಜೊತೆ ಪ್ರೊಸೆಸಿಂಗ್ ಫೀಯನ್ನೂ ಸೇರಿಸಿಯೇ ಹೋಲಿಸಬೇಕು.

ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯುವ ಮಾತು ಬೇರೆ. ಅದಕ್ಕೆ ಸಾಮಾನ್ಯವಾಗಿ ಬಡ್ಡಿಯಿಲ್ಲದ ದಿನಗಳೇ ಇಲ್ಲ. ತೆಗೆದ ದಿನದಿಂದ ಬಡ್ಡಿ, ಜೊತೆಗೆ ಫೀ. ಬೇರೆ ದಾರಿ ಇರುವ ತನಕ ಆ ಕಡೆ ಹೋಗಬೇಡಿ.

ಲೇಟ್ ಫೀ: ನಿಯಮ ಏನು ಹೇಳುತ್ತದೆ

ಗಡುವಿನೊಳಗೆ ಮಿನಿಮಮ್ ಡ್ಯೂ ಕೂಡ ಬರದಿದ್ದರೆ ಲೇಟ್ ಫೀ. ಮೊತ್ತ ಕಾರ್ಡಿನಿಂದ ಕಾರ್ಡಿಗೆ ಬೇರೆ. ಆದರೆ ಮಿತಿಗಳಿವೆ. ಭಾರತದಲ್ಲಿ ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ಕಾರ್ಡ್ ನಿಯಮಗಳ ಪ್ರಕಾರ, ಗಡುವು ಮುಗಿದು ಮೂರು ದಿನಕ್ಕಿಂತ ಜಾಸ್ತಿ ಆದ ಮೇಲಷ್ಟೇ ಲೇಟ್ ಫೀ ಹಾಕಬಹುದು, ಕ್ರೆಡಿಟ್ ರಿಪೋರ್ಟ್ ತಯಾರಿಸುವ ಕ್ರೆಡಿಟ್ ಬ್ಯೂರೋಗೆ ಸುಸ್ತಿ ಎಂದು ತಿಳಿಸಬಹುದು. ಆ ಫೀಯನ್ನು ಕೂಡ ಉಳಿದಿರುವ ಬಾಕಿಯ ಮೇಲೆ ಲೆಕ್ಕ ಹಾಕಬೇಕೇ ಹೊರತು ಪೂರ್ತಿ ಬಿಲ್ಲಿನ ಮೇಲೆ ಅಲ್ಲ. ಬಿಲ್ ಕಳಿಸಿ, ಬಡ್ಡಿ ಶುರುವಾಗುವ ಮೊದಲು ಕಟ್ಟಲು ಕನಿಷ್ಠ ಎರಡು ವಾರ ಕೊಡಬೇಕು. ಅಮೆರಿಕದಲ್ಲಿ ಇದು 21 ದಿನ. ಅಲ್ಲಿ ಡ್ಯೂ ಡೇಟ್ ಪ್ರತಿ ತಿಂಗಳು ಒಂದೇ ತಾರೀಖಿಗೆ ಬರಬೇಕು, ಲೇಟ್ ಫೀ ಮಿನಿಮಮ್ ಡ್ಯೂಗಿಂತ ಜಾಸ್ತಿ ಇರುವಂತಿಲ್ಲ.

ಭಾರತದ ಆ ಮೂರು ದಿನವನ್ನು ಹೊಸ ಗಡುವು ಎಂದು ತಿಳಿಯಬೇಡಿ. ಅದು ಲೇಟ್ ಫೀಗೆ, ಕ್ರೆಡಿಟ್ ರಿಪೋರ್ಟಿಗೆ ಮಾತ್ರ ರಕ್ಷಣೆ. ಬಡ್ಡಿಗೆ ಅಲ್ಲ. ಮೂರು ದಿನ ದಾಟಿದರೆ ತಡದ ಲೆಕ್ಕ ಹಿಡಿಯುವುದು ಮೂಲ ಡ್ಯೂ ಡೇಟ್‌ನಿಂದಲೇ.

ಹಣ ಇದ್ದೂ ತಡವಾಗುವುದು ಹೇಗೆ

ಹಣ ಇಲ್ಲದೆ ತಡವಾಗುವುದು ಒಂದು ಕಷ್ಟ. ಆದರೆ ಖಾತೆಯಲ್ಲಿ ಹಣ ಇದ್ದೂ ತಡವಾಗುವುದು ತುಂಬಾ ಸಾಮಾನ್ಯ. ಇದನ್ನು ಪೂರ್ತಿ ತಪ್ಪಿಸಬಹುದು ಅನ್ನುವ ಕಾರಣಕ್ಕೇ ಈ ಭಾಗಕ್ಕೆ ಜಾಸ್ತಿ ಜಾಗ ಕೊಡುತ್ತಿದ್ದೇನೆ.

ಮೊದಲನೆಯದು ಕೊನೇ ದಿನದ ಕೊನೇ ಗಳಿಗೆ. ನಿಮ್ಮ ಖಾತೆಯಿಂದ ಹಣ ಕಡಿತವಾದ ಸಮಯ ಲೆಕ್ಕಕ್ಕಿಲ್ಲ, ಕಾರ್ಡ್ ಖಾತೆಗೆ ಜಮೆಯಾದ ಸಮಯ ಲೆಕ್ಕಕ್ಕೆ. ಕಾರ್ಡ್ ಕೊಟ್ಟ ಬ್ಯಾಂಕಿನ ಆ್ಯಪ್‌ನಿಂದ, ಅದೇ ಬ್ಯಾಂಕಿನ ಖಾತೆಯಿಂದ ಕಟ್ಟಿದರೆ ಸಾಮಾನ್ಯವಾಗಿ ಬೇಗ ಜಮೆಯಾಗುತ್ತದೆ. ಬೇರೆ ಆ್ಯಪ್ ಮೂಲಕ ಕಟ್ಟಿದರೆ ಒಂದೆರಡು ದಿನ ಹಿಡಿಯಬಹುದು. ನಡುವೆ ರಜೆ ಬಂದರೆ ಇನ್ನೂ ಎಳೆಯಬಹುದು. ಭಾರತದಲ್ಲಿ ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ನೆಫ್ಟ್ ವ್ಯವಸ್ಥೆ 2019ರ ಡಿಸೆಂಬರ್‌ನಿಂದ ಹಗಲು ರಾತ್ರಿ ನಡೆಯುತ್ತಿದೆ, ನಿಜ. ಆದರೆ ಹಣ ತಲುಪುವುದು ಬೇರೆ, ಅದು ನಿಮ್ಮ ಕಾರ್ಡಿನ ಹೆಸರಿಗೆ ಜಮೆಯಾಗುವುದು ಬೇರೆ. ದಿನದ ಇಂತಿಷ್ಟು ಗಂಟೆಯ ನಂತರ ಬಂದ ಹಣವನ್ನು ಮರುದಿನದ ಲೆಕ್ಕಕ್ಕೆ ಹಾಕುವ ಕಟ್-ಆಫ್ ಕೂಡ ಇರಬಹುದು. ಡ್ಯೂ ಡೇಟ್‌ಗೆ ಮೂರು ದಿನ ಮೊದಲೇ ಕಟ್ಟುವುದನ್ನು ರೂಢಿ ಮಾಡಿಕೊಂಡರೆ ಇದ್ಯಾವುದಕ್ಕೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಎರಡನೆಯದು ಆಟೋಪೇ, ಅಂದರೆ ಬಿಲ್ಲಿನ ಹಣ ನಿಮ್ಮ ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುವ ಏರ್ಪಾಡು. ಇದು ಒಳ್ಳೆಯ ವ್ಯವಸ್ಥೆ, ಎಲ್ಲರೂ ಹಾಕಿಸಿಕೊಳ್ಳಬೇಕು ಎಂದೇ ಹೇಳುತ್ತೇನೆ. ಆದರೆ ಹಾಕಿಸಿದ ಮೇಲೆ ಮರೆತುಬಿಡುವಂತಿಲ್ಲ. ಹಾಕಿಸುವಾಗ 'ಮಿನಿಮಮ್ ಡ್ಯೂ' ಎಂಬ ಆಯ್ಕೆ ಮೊದಲೇ ಗುರುತಾಗಿದ್ದರೆ, ಗಮನಿಸದೆ ಮುಂದೆ ಒತ್ತಿದವರ ಖಾತೆಯಿಂದ ತಿಂಗಳು ತಿಂಗಳು ಸಣ್ಣ ಮೊತ್ತ ಕಡಿತವಾಗುತ್ತಾ, ಉಳಿದದ್ದಕ್ಕೆ ಬಡ್ಡಿ ಬೆಳೆಯುತ್ತಾ ಹೋಗುತ್ತದೆ. ಆಯ್ಕೆ 'ಟೋಟಲ್ ಡ್ಯೂ' ಇರಬೇಕು. ಹೊಸದಾಗಿ ಹಾಕಿಸಿದ ಆಟೋಪೇ ಈ ತಿಂಗಳ ಬಿಲ್ಲಿಗೇ ಶುರುವಾಗದೆ ಮುಂದಿನದಕ್ಕೆ ಶುರುವಾಗಬಹುದು. ಮೊದಲ ಕಡಿತ ಕಣ್ಣಾರೆ ನೋಡುವ ತನಕ ಕೈಯಿಂದಲೇ ಕಟ್ಟಿ. ಕೆಲವು ಆಟೋಪೇಗೆ ಮೇಲ್ಮಿತಿ ಇರುತ್ತದೆ. ಭಾರತದಲ್ಲಿ ಕಾರ್ಡ್ ಬಿಲ್ಲನ್ನು ತಾನಾಗಿ ಕಡಿತ ಮಾಡಲು ಮೊದಲೇ ಕೊಡುವ ಒಪ್ಪಿಗೆಗೆ, ಅಂದರೆ ಇ-ಮ್ಯಾಂಡೇಟ್‌ಗೆ ಪ್ರತಿ ಸಲ ಒಟಿಪಿ ಕೇಳದೆ ಕಡಿತ ಮಾಡಬಹುದಾದ ಮಿತಿಯನ್ನು 2023ರ ಡಿಸೆಂಬರ್‌ನಲ್ಲಿ 15,000ದಿಂದ ಒಂದು ಲಕ್ಷ ರೂಪಾಯಿಗೆ ಏರಿಸಿದರು. ನೀವೇ ಹಾಕಿಸಿದ ಮಿತಿ ಅದಕ್ಕಿಂತ ಕಡಿಮೆ ಇರಬಹುದು. ಯಾವುದೋ ತಿಂಗಳು ಬಿಲ್ ಆ ಮಿತಿ ದಾಟಿದರೆ ಕಡಿತ ಆಗುವುದಿಲ್ಲ.

ಕಡಿತದ ದಿನ ಬ್ಯಾಂಕ್ ಖಾತೆಯಲ್ಲಿ ಹಣ ಸಾಲದೆ ಹೋದರೆ ಎರಡೂ ಕಡೆ ಪೆಟ್ಟು. ಬ್ಯಾಂಕ್ ಬೌನ್ಸ್ ಶುಲ್ಕ ಹಾಕಬಹುದು, ಕಾರ್ಡ್ ಕಂಪನಿ ವಾಪಸಾದ ಪಾವತಿಗೆ ಬೇರೆ ಶುಲ್ಕ ಹಾಕಬಹುದು. ಹಾಗಾಗಿ ಡ್ಯೂ ಡೇಟ್ ಸಂಬಳ ಬಂದ ಮೇಲೆ ಬೀಳುವಂತಿರಬೇಕು. ಸಂಬಳ 1ಕ್ಕೆ ಬರುವವರಿಗೆ 28ರ ಡ್ಯೂ ಡೇಟ್ ಇದ್ದರೆ ಪ್ರತಿ ತಿಂಗಳೂ ಇಕ್ಕಟ್ಟು. ಇದನ್ನು ಬದಲಾಯಿಸಬಹುದು ಎಂದು ಬಹಳ ಜನಕ್ಕೆ ಗೊತ್ತೇ ಇಲ್ಲ! ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಭಾರತದ ಕಾರ್ಡುದಾರರಿಗೆ ಬಿಲ್ಲಿಂಗ್ ಸೈಕಲ್ಲನ್ನು ಕನಿಷ್ಠ ಒಂದು ಸಲವಾದರೂ ಬದಲಾಯಿಸಿಕೊಳ್ಳುವ ಹಕ್ಕಿದೆ. ಬೇರೆ ದೇಶಗಳಲ್ಲೂ ಫೋನ್ ಮಾಡಿ ಕೇಳಿದರೆ ಡ್ಯೂ ಡೇಟ್ ಬದಲಾಯಿಸಿ ಕೊಡುವ ಕಂಪನಿಗಳು ಸಾಕಷ್ಟಿವೆ. ಬದಲಾಯಿಸಿದ ತಿಂಗಳು ಮಾತ್ರ ಸೈಕಲ್ ಗಿಡ್ಡವೋ ಉದ್ದವೋ ಆಗುತ್ತದೆ. ಆ ಒಂದು ತಿಂಗಳು ತಾರೀಖನ್ನು ಕಣ್ಣಿಟ್ಟು ನೋಡಿ.

ರೀಫಂಡ್ ಇನ್ನೊಂದು ಗುಂಡಿ. 8,000ದ ಸಾಮಾನು ವಾಪಸ್ ಮಾಡಿದಿರಿ, ರೀಫಂಡ್ ಬಂದಿದೆ, ಹಾಗಾಗಿ ಈ ತಿಂಗಳು ಅಷ್ಟು ಕಡಿಮೆ ಕಟ್ಟಿದರಾಯಿತು ಎಂದುಕೊಂಡಿರಿ. ಆದರೆ ಬಿಲ್ ತಯಾರಾದ ಮೇಲೆ ಬಂದ ರೀಫಂಡನ್ನು ಆ ಬಿಲ್ಲಿನ ಪಾವತಿ ಎಂದು ಎಲ್ಲ ಕಡೆಯೂ ಒಪ್ಪುವುದಿಲ್ಲ. ಅದು ಮುಂದಿನ ಬಿಲ್ಲಿನಲ್ಲಿ ಕಳೆಯಬಹುದು. ಭಾರತದಲ್ಲಿ ಡ್ಯೂ ಡೇಟ್‌ಗೆ ಮೊದಲೇ ಬಂದ ರೀಫಂಡನ್ನು ಕಟ್ಟಬೇಕಾದ ಬಾಕಿಗೆ ತಕ್ಷಣ ಹೊಂದಿಸಿ ತಿಳಿಸಬೇಕು ಎಂದು ನಿಯಮ ಇದೆ. ಆದರೂ ಆ್ಯಪ್‌ನಲ್ಲಿ ಟೋಟಲ್ ಡ್ಯೂ ನಿಜಕ್ಕೂ ಇಳಿದಿದೆಯೇ ಎಂದು ನೋಡಿಯೇ ಕಡಿಮೆ ಕಟ್ಟಿ. ಇಳಿದಿಲ್ಲ ಎಂದರೆ ಪೂರ್ತಿ ಕಟ್ಟುವುದೇ ಕ್ಷೇಮ. ಜಾಸ್ತಿಯಾದ ಹಣ ಎಲ್ಲೂ ಹೋಗುವುದಿಲ್ಲ, ಖಾತೆಯಲ್ಲೇ ಜಮೆ ಇರುತ್ತದೆ.

ಕೊನೆಯದು, ಬಳಸದೆ ಡ್ರಾಯರಿನಲ್ಲಿ ಬಿದ್ದಿರುವ ಕಾರ್ಡ್. ಖರ್ಚೇ ಮಾಡಿಲ್ಲ, ಬಿಲ್ ಎಲ್ಲಿಂದ ಬರುತ್ತದೆ ಎಂದು ಅದರ ಮೇಲ್‌ಗಳನ್ನು ಯಾರೂ ತೆರೆಯುವುದಿಲ್ಲ. ವರ್ಷಕ್ಕೊಮ್ಮೆ ವಾರ್ಷಿಕ ಶುಲ್ಕ ಬಿಲ್ಲಿಗೆ ಬಂದಿರುತ್ತದೆ. ಅದನ್ನು ಕಟ್ಟದೆ ಇದ್ದರೆ ಲೇಟ್ ಫೀ, ಬಡ್ಡಿ, ಮತ್ತೆ ಲೇಟ್ ಫೀ. ಸಣ್ಣ ಮೊತ್ತವಾದರೂ ಕ್ರೆಡಿಟ್ ರಿಪೋರ್ಟಿನಲ್ಲಿ ಸುಸ್ತಿ ಎಂದರೆ ಸುಸ್ತಿಯೇ. ಹಳೆಯ ಕಾರ್ಡಿನಲ್ಲಿ ಯಾವುದೋ ಚಂದಾ ತಾನಾಗಿ ನವೀಕರಣ ಆಗುತ್ತಿದ್ದರೂ ಇದೇ ಕಥೆ. ಎಷ್ಟು ಕಾರ್ಡ್ ಇದ್ದರೂ ಅಷ್ಟಕ್ಕೂ ಆಟೋಪೇ ಇರಲಿ, ಅಷ್ಟರ ಸ್ಟೇಟ್‌ಮೆಂಟೂ ನೀವು ದಿನಾ ನೋಡುವ ಮೇಲ್‌ಗೇ ಬರಲಿ.

ಸ್ಟೇಟ್‌ಮೆಂಟ್ ದಿನಕ್ಕೆ ಇನ್ನೊಂದು ಉಪಯೋಗವೂ ಇದೆ. ಕಾರ್ಡಿನ ಲಿಮಿಟ್‌ನಲ್ಲಿ ಎಷ್ಟು ಭಾಗ ಬಳಸಿದ್ದೀರಿ ಎಂಬುದು ಕ್ರೆಡಿಟ್ ಸ್ಕೋರ್‌ಗೆ ಮುಖ್ಯ. ಬ್ಯೂರೋಗೆ ಹೋಗುವುದು ಬಹಳ ಸಲ ಸ್ಟೇಟ್‌ಮೆಂಟ್ ಹೊತ್ತಿಗೆ ಇರುವ ಬಾಕಿ. ಹಾಗಾಗಿ ಪ್ರತಿ ತಿಂಗಳು ಪೂರ್ತಿ ಕಟ್ಟುವವರಿಗೂ ಬಳಕೆ ಜಾಸ್ತಿ ಎಂದು ಕಾಣಿಸಬಹುದು. ಮನೆ ಸಾಲಕ್ಕೋ ವಾಹನ ಸಾಲಕ್ಕೋ ಅರ್ಜಿ ಹಾಕುವ ಆಲೋಚನೆ ಇದ್ದರೆ, ಸ್ಟೇಟ್‌ಮೆಂಟ್ ಆಗುವ ಎರಡು ಮೂರು ದಿನ ಮೊದಲೇ ಒಂದಿಷ್ಟು ಕಟ್ಟಿಬಿಡಿ. ಉಳಿದ ತಿಂಗಳು ಇದರ ಚಿಂತೆ ಬೇಡ.

ತಡವಾಗಿಯೇ ಹೋಯಿತು, ಈಗೇನು?

ಗೊತ್ತಾದ ಕ್ಷಣವೇ ಕಟ್ಟಿ. ಹೇಗೂ ತಡವಾಯಿತಲ್ಲ, ಸಂಬಳ ಬಂದ ಮೇಲೆ ನೋಡೋಣ ಎಂದರೆ ದಿನದಿನಕ್ಕೂ ಬಡ್ಡಿ ಸೇರುತ್ತದೆ. ಭಾರತದಲ್ಲಾದರೆ ಮೂರು ದಿನದೊಳಗೆ, ಕೊನೇ ಪಕ್ಷ ಮಿನಿಮಮ್ ಡ್ಯೂ ಆದರೂ ತಲುಪಲಿ. ಅಮೆರಿಕದಲ್ಲಿ ಸಾಮಾನ್ಯವಾಗಿ 30 ದಿನ ದಾಟಿದ ಮೇಲೆ ಬ್ಯೂರೋಗೆ ತಡ ಎಂದು ಹೋಗುತ್ತದೆ. ಎಲ್ಲೇ ಇದ್ದರೂ ಆ ಗೆರೆ ದಾಟುವ ಮೊದಲು ಕಟ್ಟುವುದು ಮುಖ್ಯ. ಲೇಟ್ ಫೀ ಒಂದು ದಿನದ ನೋವು, ರಿಪೋರ್ಟಿನ ಕಲೆ ವರ್ಷಗಟ್ಟಲೆ ಉಳಿಯುತ್ತದೆ.

ಕಟ್ಟಿದ ಮೇಲೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ. ಇಷ್ಟು ದಿನ ಸರಿಯಾಗಿ ಕಟ್ಟಿದ್ದೀರಿ, ಇದು ಮೊದಲ ಸಲ ಎಂದಾದರೆ ಲೇಟ್ ಫೀ ಮನ್ನಾ ಮಾಡಿ ಎಂದು ನೇರವಾಗಿ ಕೇಳಿ. ಕೇಳಲು ನಾಚಿಕೆ ಬೇಡ, ಒಪ್ಪುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ. ಫೀ ಜೊತೆಗೆ ಬಡ್ಡಿಯನ್ನೂ ಕೇಳಿ. ಹೆಚ್ಚಿನವರು ಫೀ ಒಂದನ್ನೇ ಕೇಳಿ ಫೋನ್ ಇಡುತ್ತಾರೆ, ದೊಡ್ಡ ಮೊತ್ತ ಹಾಗೇ ಉಳಿದುಬಿಡುತ್ತದೆ. ಒಪ್ಪಿದರೆ ದೂರಿನ ಸಂಖ್ಯೆ ಬರೆದಿಟ್ಟುಕೊಂಡು, ಮುಂದಿನ ಸ್ಟೇಟ್‌ಮೆಂಟಿನಲ್ಲಿ ಅದು ವಾಪಸ್ ಜಮೆಯಾಗಿದೆಯೇ ಎಂದು ನೋಡಿ. ಫೀ ತಪ್ಪಾಗಿ ಬಿದ್ದಿದ್ದರೆ ಬರಹದಲ್ಲಿ ದೂರು ಕೊಡಿ. ಭಾರತದಲ್ಲಿ 30 ದಿನದೊಳಗೆ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲ ಎನಿಸಿದರೆ, ರಿಸರ್ವ್ ಬ್ಯಾಂಕಿನಲ್ಲಿ ಇಂಥ ದೂರು ವಿಚಾರಿಸುವ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ದೂರು ಹಾಕಬಹುದು. ಅದಕ್ಕೆ ಶುಲ್ಕವಿಲ್ಲ.

ಬೇಸತ್ತು ಕಾರ್ಡೇ ಬೇಡ ಎಂದು ಮುಚ್ಚಿಸುವವರು ಉಳಿಕೆ ಬಡ್ಡಿಯನ್ನು ಮರೆಯಬಾರದು. ಕೊನೆಯ ಬಿಲ್ ಕಟ್ಟಿದ ಮೇಲೂ ಮುಂದಿನ ಸ್ಟೇಟ್‌ಮೆಂಟಿನಲ್ಲಿ ಸಣ್ಣದೊಂದು ಮೊತ್ತ ಬರಬಹುದು. ಕಾರ್ಡ್ ಕತ್ತರಿಸಿ ಎಸೆದವರು ಅದನ್ನು ನೋಡುವುದೇ ಇಲ್ಲ, ಅದು ಫೀ ಸೇರಿಸಿಕೊಂಡು ಬೆಳೆಯುತ್ತದೆ. ಭಾರತದಲ್ಲಿ ಬಾಕಿ ಪೂರ್ತಿ ತೀರಿದ್ದರೆ ಮುಚ್ಚುವ ಅರ್ಜಿಯನ್ನು ಏಳು ಕೆಲಸದ ದಿನಗಳಲ್ಲಿ ಮುಗಿಸಬೇಕು. ತಡ ಮಾಡಿದರೆ ಕಾರ್ಡ್ ಕೊಟ್ಟವರು ನಿಮಗೆ ದಿನಕ್ಕೆ 500 ರೂಪಾಯಿ ಕೊಡಬೇಕು. ಖಾತೆ ಮುಚ್ಚಿದೆ, ಬಾಕಿ ಸೊನ್ನೆ ಎಂದು ಬರಹದಲ್ಲಿ ಕೈಗೆ ಬರುವ ತನಕ ಆ ಕಾರ್ಡಿನ ಆಟೋಪೇ ರದ್ದು ಮಾಡಬೇಡಿ, ಅದರ ಮೇಲ್‌ಗಳನ್ನು ತೆರೆದು ನೋಡುವುದನ್ನೂ ಬಿಡಬೇಡಿ.